ಹಳ್ಳದ ಮೀನಿಗಾಗಿ ಜಮೀನಿನ ಕರಾರು

ಮೀನು ಉಳಿಯಬೇಕಾದರೆ ನದಿಯೊಂದನ್ನೇ ಕಾದರೆ ಸಾಲದು. ನದಿಗೆ ಸೇರುವ ಹಳ್ಳ, ಹಳ್ಳದ ದಂಡೆಯ ಜಮೀನು, ಆ ಜಮೀನಿನ ರೈತ, ಇಷ್ಟೂ ಲೆಕ್ಕಕ್ಕೆ ಬರಬೇಕು. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಬ್ಲ್ಯಾಕ್‌ಫೂಟ್ ಅಂತ ಒಂದು ನದಿ. ಉದ್ದ ಸುಮಾರು 210 ಕಿಲೋಮೀಟರ್. ಅಲ್ಲಿನ ನಾಡತಳಿ ಟ್ರೌಟ್ ಮೀನು ಉಳಿಸಲು ಎರಡು ದಾರಿ ಹಿಡಿದಿದ್ದಾರೆ. ಒಂದು, ಜಮೀನನ್ನೇ ಕೊಳ್ಳುವುದು. ಇನ್ನೊಂದು, ಜಮೀನು ರೈತನ ಹತ್ತಿರವೇ ಬಿಟ್ಟು ಅದರ ಕೆಲವು ಹಕ್ಕು ಮಾತ್ರ ಕೊಳ್ಳುವುದು. ನಾನು ಆ ನದಿ ನೋಡಿದವನಲ್ಲ, ಓದಿ ತಿಳಿದದ್ದು. ಆದರೆ ಇದು ಬರೀ ಮೀನಿನ ವಿಚಾರ ಅಲ್ಲ, ಜಮೀನಿನ ಹಕ್ಕಿನ ಪಾಠ. ಹಾಗಾಗಿ ನಮ್ಮಂಥ ಸಣ್ಣ ರೈತರೂ ತಿಳಿಯುವುದು ಒಳ್ಳೆಯದು.

ಮೀನಿಗೆ ಬೇಕಾದ್ದೇನು?

ಬ್ಲ್ಯಾಕ್‌ಫೂಟಿನ ನಾಡತಳಿಗಳಲ್ಲಿ ಮುಖ್ಯವಾದವು ಎರಡು. ಒಂದು ಬುಲ್ ಟ್ರೌಟ್, ಇನ್ನೊಂದು ವೆಸ್ಟ್‌ಸ್ಲೋಪ್ ಕಟ್‌ಥ್ರೋಟ್ ಟ್ರೌಟ್. ಬುಲ್ ಟ್ರೌಟನ್ನು 1998ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಅಪಾಯಕ್ಕೆ ಸಿಕ್ಕ ಜೀವಿಗಳ ಪಟ್ಟಿಗೆ ಸೇರಿಸಿತು. ಇದು ತಣ್ಣೀರಿನ ಮೀನು. ನೀರಿನ ಬಿಸಿ 15 ಡಿಗ್ರಿ ಸೆಲ್ಸಿಯಸ್ ದಾಟಿದ ಕಡೆ ಇದರ ಮರಿ ಸಿಗುವುದೇ ಅಪರೂಪ. ಚಳಿ ಶುರುವಾಗುವ ಮುಂಚೆ ತಾಯಿಮೀನು ದೊಡ್ಡ ನದಿ ಬಿಟ್ಟು ಸಣ್ಣ ಹಳ್ಳ ಹತ್ತಿ, ಸಣ್ಣಕಲ್ಲಿನ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆ ಚಳಿಗಾಲ ಪೂರ್ತಿ ಅಲ್ಲೇ ಇರಬೇಕು. ಕಲ್ಲಿನ ಸಂದಿಗೆ ಹೂಳು ತುಂಬಿದರೆ ಮೊಟ್ಟೆಗೆ ಉಸಿರಿಲ್ಲ, ಸತ್ತ ಹಾಗೆ.

ಹಳ್ಳ ಕೆಡುವುದು ಹೇಗೆ? ದನ ದಂಡೆ ತುಳಿದು ಮಣ್ಣು ಜಾರುತ್ತದೆ. ದಂಡೆಯ ಗಿಡ ಹೋದರೆ ನೆರಳು ಹೋಯಿತು, ನೀರು ಕಾಯಿತು. ಮರ ಸಾಗಿಸುವ ಕಾಡುರಸ್ತೆಯ ಮಣ್ಣು ಮಳೆಗೆ ಹಳ್ಳಕ್ಕೆ ಬರುತ್ತದೆ. ಹುಲ್ಲು ಬೆಳೆಯುವ ಹೊಲಕ್ಕೆ ತೆಗೆದ ಕಾಲುವೆಯಲ್ಲಿ ನೀರಿನ ಜತೆ ಮೀನೂ ಹೋಗಿ ಹೊಲದಲ್ಲಿ ಸಾಯುತ್ತದೆ. ದಂಡೆ ಮೇಲೆ ಸೈಟು ಬಿದ್ದು ಮನೆ ಎದ್ದರಂತೂ ಆ ಹಳ್ಳ ಮತ್ತೆ ಹಿಂದಕ್ಕೆ ಬರುವುದಿಲ್ಲ.

ಇನ್ನೊಂದು ಮಾತು. ಟ್ರೌಟ್ ಅಂದರೆಲ್ಲ ನಾಡತಳಿ ಅಲ್ಲ. ಅಲ್ಲಿಗೆ ಯುರೋಪಿನಿಂದ ಬ್ರೌನ್ ಟ್ರೌಟ್, ಅಮೆರಿಕದ ಪೂರ್ವ ಭಾಗದಿಂದ ಬ್ರೂಕ್ ಟ್ರೌಟ್ ತಂದು ಬಿಟ್ಟಿದ್ದಾರೆ. ಹಾಗೇ ಹೊರಗಿನಿಂದ ಬಂದ ರೇನ್‌ಬೋ ಟ್ರೌಟ್ ಕಟ್‌ಥ್ರೋಟ್ ಜತೆ ಬೆರೆತು ತಳಿ ಕೆಡಿಸುತ್ತದೆ. ಬ್ರೂಕ್ ಟ್ರೌಟ್ ಬುಲ್ ಟ್ರೌಟ್ ಜತೆ ಬೆರೆಯುತ್ತದೆ. ನಮ್ಮ ನೀಲಗಿರಿ, ಕಾಶ್ಮೀರದ ಟ್ರೌಟ್ ಕೂಡ ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ಬಂದದ್ದೇ. ಜವಾರಿ ಬೀಜ ಬೇರೆ, ಪೇಟೆಯಿಂದ ತಂದ ಬೀಜ ಬೇರೆ ಅನ್ನುವುದು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ದಾರಿ: ಕೊಳ್ಳುವುದು

1864ರಲ್ಲಿ ಅಮೆರಿಕ ಸರ್ಕಾರ ರೈಲು ಹಳಿ ಹಾಕಲು ಒಂದು ಕಂಪನಿಗೆ ಜಮೀನು ಕೊಟ್ಟಿತು. ಒಂದೊಂದು ಚದರ ಮೈಲಿ, ಅಂದರೆ 640 ಎಕರೆಯ ತುಂಡು. ಒಂದು ಕಂಪನಿಗೆ, ಪಕ್ಕದ್ದು ಸರ್ಕಾರಕ್ಕೆ, ಹೀಗೆ ಚದುರಂಗದ ಮಣೆಯ ಹಾಗೆ. ಆ ತುಂಡುಗಳಲ್ಲಿ ಬಹಳಷ್ಟು ಮುಂದೆ ಪ್ಲಮ್ ಕ್ರೀಕ್ ಎಂಬ ಮರದ ಕಂಪನಿಗೆ ಬಂದವು. ಕಂಪನಿ ಜಮೀನು ಮಾರಲು ಹೊರಟಾಗ ಕಣಿವೆಯ ಜನಕ್ಕೆ ಚಿಂತೆ ಹತ್ತಿತು. ಹೊರಗಿನ ಶ್ರೀಮಂತರು ತುಂಡು ತುಂಡಾಗಿ ಕೊಂಡು ಮನೆ ಕಟ್ಟಿದರೆ ಹಳ್ಳವೂ ಹೋಯಿತು, ದನ ಮೇಯುವ ಜಾಗವೂ ಹೋಯಿತು.

ಜಮೀನುದಾರರು ಮುಂದೆ ನಿಂತು 1993ರಲ್ಲಿ ಕಟ್ಟಿದ ಬ್ಲ್ಯಾಕ್‌ಫೂಟ್ ಚಾಲೆಂಜ್ ಎಂಬ ಸಂಘ ಅಲ್ಲಿದೆ. ಈ ಸಂಘ ಮತ್ತು ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಕೂಡಿ 2003ರಿಂದ ಈಚೆಗೆ ಸುಮಾರು 89,000 ಎಕರೆಗೆ ಯೋಜನೆ ಮಾಡಿದರು. ಸಂಸ್ಥೆ ಕಂಪನಿಯಿಂದ ಜಮೀನು ಕೊಂಡಿತು, ಆದರೆ ಎಲ್ಲವನ್ನೂ ತಾನೇ ಇಟ್ಟುಕೊಳ್ಳಲಿಲ್ಲ. ಬಹುಭಾಗ ಅರಣ್ಯ ಇಲಾಖೆಗೆ, ರಾಜ್ಯಕ್ಕೆ ಹೋಯಿತು. ಕೆಲವು ಭಾಗವನ್ನು ಕರಾರು ಹಾಕಿ ಖಾಸಗಿಯವರಿಗೇ ಮಾರಿದರು. ಸುಮಾರು 5,600 ಎಕರೆ ಸಂಘದ ಹೆಸರಿಗೆ ಬಂತು. 2008ರಲ್ಲಿ ಇದೇ ಕಂಪನಿಯಿಂದ ಪಶ್ಚಿಮ ಮೊಂಟಾನಾದಲ್ಲಿ ಇನ್ನೂ ಸುಮಾರು 3,10,000 ಎಕರೆ ಕೊಳ್ಳುವ ಒಪ್ಪಂದವಾಯಿತು. ಬೆಲೆ 49 ಕೋಟಿ ಡಾಲರ್.

ಇಷ್ಟು ದುಡ್ಡು ಎಲ್ಲ ಕಡೆ ಸಿಗುವುದಿಲ್ಲ. ಜತೆಗೆ, ಕಣಿವೆಯ ತಗ್ಗಿನ ಜಮೀನೆಲ್ಲ ಕೊಂಡುಬಿಟ್ಟರೆ ರೈತ ಎಲ್ಲಿಗೆ ಹೋಗಬೇಕು? ಅದಕ್ಕೇ ಎರಡನೇ ದಾರಿ.

ಎರಡನೇ ದಾರಿ: ಈಸ್‌ಮೆಂಟ್ ಕರಾರು

ಈಸ್‌ಮೆಂಟ್ ನಮಗೂ ಗೊತ್ತಿರುವ ಮಾತೇ. ಪಕ್ಕದವನ ಹೊಲದಲ್ಲಿ ನಮ್ಮ ಗಾಡಿ ಹೋಗುವ ದಾರಿಹಕ್ಕು ಇರುತ್ತದಲ್ಲ, ಅದು ಈಸ್‌ಮೆಂಟ್. ಜಮೀನು ಅವನದು, ಹಾದುಹೋಗುವ ಹಕ್ಕು ನಮ್ಮದು. ಮೊಂಟಾನಾದ ಕರಾರಿನಲ್ಲಿ ಹಕ್ಕು ಪಕ್ಕದ ಹೊಲದವನಿಗಲ್ಲ, ಭೂಮಿ ಕಾಯುವ ಒಂದು ಟ್ರಸ್ಟಿಗೋ ಸರ್ಕಾರಕ್ಕೋ ಸೇರುತ್ತದೆ. ಅದೂ ಓಡಾಡುವ ಹಕ್ಕಲ್ಲ, 'ಇಂಥದ್ದು ಮಾಡಬೇಡ' ಅನ್ನುವ ಹಕ್ಕು.

ಇದಕ್ಕೆ ಮೊಂಟಾನಾ 1975ರಲ್ಲಿ ಕಾನೂನು ಮಾಡಿತು. 1976ರಲ್ಲಿ ಬ್ಲ್ಯಾಕ್‌ಫೂಟ್ ಕಣಿವೆಯಲ್ಲೇ ಮೊದಲ ಕರಾರು ಆಯಿತು. ಕರಾರಿನಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು:

ರೈತ ಮಾಡಬಹುದಾದ್ದು: ದನ ಮೇಯಿಸುವುದು, ಹುಲ್ಲು ಬೆಳೆಯುವುದು, ಬೇಲಿ ಹಾಕುವುದು, ಗುರುತಿಸಿದ ಜಾಗದಲ್ಲಿ ಮನೆ ಕಟ್ಟುವುದು, ಜಮೀನು ಮಾರುವುದು, ಮಕ್ಕಳಿಗೆ ಬರೆಯುವುದು.

ಮಾಡಬಾರದ್ದು: ಸೈಟು ಮಾಡಿ ಹಂಚುವುದು, ಹಳ್ಳದ ದಂಡೆಯಲ್ಲಿ ಕಟ್ಟಡ ಎಬ್ಬಿಸುವುದು, ಮರಳು ಜಲ್ಲಿ ಗಣಿ ತೆಗೆಯುವುದು.

ಬೆಲೆ ಕಟ್ಟುವುದು ಹೀಗೆ. ಕರಾರಿಲ್ಲದ ಜಮೀನಿಗೆ 100 ರೂಪಾಯಿ ಬೆಲೆ ಅಂತ ಇಟ್ಟುಕೊಳ್ಳಿ. ಸೈಟು ಮಾಡುವ ಹಾಗಿಲ್ಲ ಅಂದ ಮೇಲೆ ಅದೇ ಜಮೀನಿಗೆ 65 ರೂಪಾಯಿ ಆಗುತ್ತದೆ. ನಡುವಿನ 35 ರೂಪಾಯಿ ಕರಾರಿನ ಬೆಲೆ. ರೈತ ಅದನ್ನು ದುಡ್ಡಾಗಿ ಪಡೆಯಬಹುದು. ಇಲ್ಲ, ದಾನ ಕೊಟ್ಟು ಆದಾಯ ತೆರಿಗೆಯಲ್ಲಿ ರಿಯಾಯಿತಿ ಪಡೆಯಬಹುದು. ತೆರಿಗೆ ರಿಯಾಯಿತಿ ಶಾಶ್ವತ ಕರಾರಿಗೆ ಮಾತ್ರ. ಸಾಲ ತೀರಿಸಲು, ಅಣ್ಣತಮ್ಮಂದಿರ ಪಾಲು ದುಡ್ಡಲ್ಲಿ ಕೊಟ್ಟು ಜಮೀನು ಒಡೆಯದಂತೆ ಉಳಿಸಲು ಈ ಹಣ ಆಗುತ್ತದೆ.

ಗಟ್ಟಿಯಾಗಿ ನೆನಪಿಡಬೇಕಾದ್ದು 'ಶಾಶ್ವತ' ಅನ್ನುವ ಮಾತು. ಕರಾರು ರಿಜಿಸ್ಟರ್ ಆಗಿ ಜಮೀನಿಗೆ ಅಂಟಿಕೊಳ್ಳುತ್ತದೆ, ರೈತನಿಗಲ್ಲ. ಕೊಂಡವನೂ, ಮೊಮ್ಮಗನೂ ಅದಕ್ಕೆ ಬದ್ಧ. ದುಡ್ಡು ಒಂದು ಸಲ ಬರುತ್ತದೆ, ಕಟ್ಟು ಯಾವಾಗಲೂ ಇರುತ್ತದೆ.

ಕಾಗದದಲ್ಲಿ ನೀರು ಹರಿಯುವುದಿಲ್ಲ

ಕರಾರು ಆದ ಮಾತ್ರಕ್ಕೆ ಮೀನು ಬರುವುದಿಲ್ಲ. ಅದು ಮುಂದಿನ ಹಾಳನ್ನು ತಡೆಯುತ್ತದೆ, ಆಗಿರುವ ಹಾಳನ್ನು ಸರಿಮಾಡುವುದಿಲ್ಲ. ಅದಕ್ಕೆ ದುಡಿಮೆ ಬೇಕು. ಅಲ್ಲಿ ದಂಡೆಗೆ ಬೇಲಿ ಹಾಕಿ ದನಕ್ಕೆ ಬೇರೆ ಕಡೆ ತೊಟ್ಟಿ ಕಟ್ಟಿದರು. ಕಾಲುವೆ ಬಾಯಿಗೆ ಮೀನು ತಡೆಯುವ ಜಾಲರಿ ಇಟ್ಟರು. ಬ್ಲ್ಯಾಕ್‌ಫೂಟ್ ಇನ್ನೊಂದು ನದಿಗೆ ಸೇರುವಲ್ಲಿದ್ದ ಮಿಲ್‌ಟೌನ್ ಅಣೆಕಟ್ಟನ್ನು 2008ರಲ್ಲಿ ಒಡೆದರು. ಮೀನಿಗೆ ದಾರಿ ಬಿಟ್ಟಂತಾಯಿತು.

ನೀರಿನ ಹಕ್ಕು ಮತ್ತೂ ಬೇರೆ. ಅಲ್ಲಿ ಮೊದಲು ನೀರು ತೆಗೆದವನಿಗೆ ಮೊದಲ ಹಕ್ಕು. ಹಳ್ಳವೆಲ್ಲ ಹೊಲಕ್ಕೆ ತಿರುಗಿದರೆ ದಂಡೆ ಎಷ್ಟು ಚೆನ್ನಾಗಿದ್ದರೇನು? 2000ದ ಬರದಲ್ಲಿ ರೈತರೇ ಕೂತು ಒಂದು ಕಟ್ಟುಪಾಡು ಮಾಡಿಕೊಂಡರು. ನದಿಯ ಹರಿವು 700 ಕ್ಯೂಸೆಕ್‌ಗಿಂತ ಇಳಿದರೆ ಎಲ್ಲರೂ ಸ್ವಲ್ಪ ಸ್ವಲ್ಪ ನೀರು ಬಿಡುವುದು, ಮೀನು ಹಿಡಿಯುವವರೂ ಕೈ ತಡೆಯುವುದು. ಬರದ ನಷ್ಟ ಒಬ್ಬನ ತಲೆಗೆ ಬೀಳದೆ ಹಂಚಿಹೋಗಲಿ ಅನ್ನುವುದು ಇದರ ಹುರುಳು.

ಸಹಿಗೆ ಮುಂಚೆ ಕೇಳಬೇಕಾದ್ದು

ಇಂಥ ಕರಾರು ಮಾತ್ರ ಅಲ್ಲ, ಜಮೀನಿನ ಹಕ್ಕು ಕೊಡುವ ಯಾವ ಕಾಗದಕ್ಕೂ ಈ ಪ್ರಶ್ನೆಗಳು ಹೊಂದುತ್ತವೆ.

1. ಕೊಡುತ್ತಿರುವ ಹಕ್ಕು ಯಾವುದು, ಉಳಿಯುವ ಹಕ್ಕು ಯಾವುದು? ಎರಡೂ ಪಟ್ಟಿ ಕಾಗದದಲ್ಲಿ ಇದೆಯೇ?
2. ಎಷ್ಟು ವರ್ಷಕ್ಕೆ? ಶಾಶ್ವತ ಅಂದರೆ ಮಕ್ಕಳ ಒಪ್ಪಿಗೆ ಇದೆಯೇ?
3. ವರ್ಷ ವರ್ಷ ಬಂದು ನೋಡುವವರು ಯಾರು? ಆ ಸಂಸ್ಥೆ ಮುಚ್ಚಿದರೆ ಹಕ್ಕು ಯಾರಿಗೆ ಹೋಗುತ್ತದೆ?
4. ಬೆಲೆ ಕಟ್ಟಿದವನು ಯಾರ ಕಡೆಯವನು? ಅಮೆರಿಕದಲ್ಲೂ ಕೆಲವರು ಸುಳ್ಳು ಬೆಲೆ ತೋರಿಸಿ ತೆರಿಗೆ ನುಂಗಿದರು, 2022ರಲ್ಲಿ ಅದಕ್ಕೆ ಕಾನೂನಿನ ಕಡಿವಾಣ ಬಿತ್ತು.
5. ನೀರಿನ ಮಾತು ಕಾಗದದಲ್ಲಿ ಇದೆಯೇ?

ಬ್ಲ್ಯಾಕ್‌ಫೂಟಿನಲ್ಲಿ ಕೆಲಸ ನಡೆದದ್ದು ರೈತನನ್ನು ಎಬ್ಬಿಸಿ ಅಲ್ಲ, ಕೂರಿಸಿಕೊಂಡು. ಹಳ್ಳದ ತಣ್ಣೀರಿಗೆ ಬೆಲೆ ಕಟ್ಟಿ, ಅದನ್ನು ಕಾಯುವವನಿಗೆ ಆ ಬೆಲೆ ಕೊಟ್ಟರು. ಮೀನು ಕಾಯುವುದು ಊರಿಗೆಲ್ಲ ಬೇಕಾದ ಕೆಲಸ ಅಂದ ಮೇಲೆ ಅದರ ಖರ್ಚು ದಂಡೆಯ ರೈತ ಒಬ್ಬನದೇ ಆಗಬಾರದು.