ಪಕ್ಕದ ಊರಿನ ಮೀಟಿಂಗಿಗಾದರೂ ಹೋಗಿ

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕ, ವಯಸ್ಸು 43. ವರ್ಷಗಟ್ಟಲೆ ಕುಡಿದು, ಕೊನೆಗೆ ಆಸ್ಪತ್ರೆ ಸೇರಿ, ಬಿಟ್ಟು ಐದು ವಾರವಾಯಿತು. ಎಎ ಗುಂಪಿಗೆ ಸೇರಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ನಮ್ಮದು ತಾಲ್ಲೂಕು ಕೇಂದ್ರ. ಎಲ್ಲಿ ಹುಡುಕಲಿ? ಸಿಕ್ಕರೂ ಅಲ್ಲಿ ಮಕ್ಕಳ ಪೋಷಕರೇ ಎದುರಾದರೆ? ಹತ್ತು ಜನರ ಮುಂದೆ ‘ನಾನು ಕುಡುಕ’ ಎನ್ನಲು ನಾಲಿಗೆ ಏಳುವುದಿಲ್ಲ.
– ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ಮೇಷ್ಟ್ರೇ, ಐದು ವಾರ ದಾಟಿದ್ದೀರಿ, ತುಂಬ ಸಂತೋಷ. ಮೈಯೊಳಗಿನ ಮದ್ಯವನ್ನು ಆಸ್ಪತ್ರೆ ಇಳಿಸಿ ಕಳಿಸಿತು. ಶಾಲೆ ಬಿಟ್ಟ ಮೇಲಿನ ಸಂಜೆ ಮಾತ್ರ ಹಾಗೇ ಉಳಿದಿದೆ. ಹಳೆಯ ಜೊತೆಗಾರರು, ಸಂಬಳದ ದಿನ, ಮದುವೆಯ ಹಿಂದಿನ ರಾತ್ರಿ, ಜಾತ್ರೆಯ ಬಾಡೂಟ – ಇವನ್ನೆಲ್ಲ ಮಾತ್ರೆಯೊಂದೇ ತಡೆಯಲಾರದು. ಡಾಕ್ಟರು ಗುಂಪಿನ ಮಾತೆತ್ತಿದ್ದು ಅದಕ್ಕೇ.

ನೀವು ಈಗ ಹುಡುಕುತ್ತಿರುವಂತೆ ಒಬ್ಬರು ಹುಡುಕಿದ್ದರಿಂದಲೇ ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಹುಟ್ಟಿತು. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ಕೆಲಸದ ಮೇಲೆ ಅಮೆರಿಕದ ಆಕ್ರನ್ ಊರಿಗೆ ಹೋಗಿದ್ದರು. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಹೋದ ವ್ಯವಹಾರ ಕೈಕೊಟ್ಟಿತು. ಹೋಟೆಲಿನ ಲಾಬಿಯಲ್ಲಿ ಒಬ್ಬರೇ, ಪಕ್ಕದಲ್ಲೇ ಬಾರು. ಅವರು ಬಾರಿನ ಕಡೆ ತಿರುಗದೆ ಫೋನು ಹಿಡಿದು, ಪರಿಚಯವಿಲ್ಲದ ಪಾದ್ರಿಯೊಬ್ಬರಿಗೆ ಕರೆ ಮಾಡಿ, ಜೊತೆಗೆ ಕೂತು ಮಾತಾಡಲು ಇನ್ನೊಬ್ಬ ಕುಡುಕ ಈ ಊರಲ್ಲಿ ಸಿಗುತ್ತಾನೆಯೇ ಎಂದು ವಿಚಾರಿಸಿದರು. ಹಾಗೆ ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಹದಿನೈದೇ ನಿಮಿಷ ಎಂದು ಒಪ್ಪಿ ಬಂದವರು ಗಂಟೆಗಟ್ಟಲೆ ಕೂತರು. ಆದರೂ ಕೆಲ ವಾರಗಳಲ್ಲೇ ವೈದ್ಯರ ಸಮ್ಮೇಳನವೊಂದಕ್ಕೆ ಹೋಗಿ ಮತ್ತೆ ಕುಡಿದರು. ಬಿಲ್ ಮಾತ್ರ ಬಾಬ್ ಅವರ ಕೈಬಿಡಲಿಲ್ಲ. ಬಾಬ್ ಕೊನೆಯ ಬಾರಿ ಕುಡಿದ ದಿನ ಜೂನ್ 10. ಎಎ ತನ್ನ ಹುಟ್ಟುಹಬ್ಬ ಎಂದು ಎಣಿಸುವುದು ಆ ದಿನವನ್ನೇ. ನಾಳೆ ನೀವೂ ಒಮ್ಮೆ ಜಾರಿದರೆ ಅದನ್ನು ನೆಪ ಮಾಡಿಕೊಂಡು ಗುಂಪು ಬಿಡಬೇಡಿ.

ಇನ್ನು ಪೋಷಕರ ಭಯ. ಮೆತ್ತಗೆ ಹೇಳಲು ನನಗೆ ಬರುವುದಿಲ್ಲ: ನೀವು ಕುಡಿಯುತ್ತಿದ್ದುದು ನಿಮ್ಮ ಊರಿಗೆ ಗೊತ್ತಿದೆ. ಗೊತ್ತಿಲ್ಲದಿರುವುದು ನೀವು ಬಿಟ್ಟಿದ್ದೀರಿ ಎನ್ನುವುದೇ. ‘ಕ್ಲೋಸ್ಡ್’ ಮೀಟಿಂಗಿಗೆ ಕುಡಿತದ ತೊಂದರೆ ಇರುವವರಷ್ಟೇ ಬರುತ್ತಾರೆ, ಆದ್ದರಿಂದ ಅಲ್ಲಿ ಎದುರಾಗುವ ಪೋಷಕರೂ ನಿಮ್ಮ ಕಾರಣಕ್ಕೇ ಬಂದಿರುತ್ತಾರೆ. ‘ಓಪನ್’ ಮೀಟಿಂಗಿಗೆ ಮನೆಯವರೂ ಬರಬಹುದು. ಪೂರ್ತಿ ಹೆಸರು ಯಾರೂ ಕೇಳುವುದಿಲ್ಲ, ಆಡಿದ ಮಾತನ್ನು ಹೊರಗೆ ಒಯ್ಯಬಾರದೆಂಬುದು ಅಲ್ಲಿಯ ಕಟ್ಟುನಿಟ್ಟು. ಶುಲ್ಕವಿಲ್ಲ. ಖರ್ಚಿಗೆಂದು ಸದಸ್ಯರು ಕೈಲಾದಷ್ಟು ಹಾಕುತ್ತಾರೆ, ಹೊರಗಿನವರ ದೇಣಿಗೆ ಪಡೆಯುವುದಿಲ್ಲ. ಸೇರಲು ಬೇಕಾದ ಅರ್ಹತೆ ಒಂದೇ, ಕುಡಿತ ಬಿಡಬೇಕೆಂಬ ಆಸೆ. ಮೊದಲ ದಿನ ಸುಮ್ಮನೆ ಕೂತು ಕೇಳಿಸಿಕೊಂಡು ಬಂದರೂ ಆಯಿತು. ಅಷ್ಟಾದರೂ ಮುಜುಗರ ಹೋಗದಿದ್ದರೆ ಭಾನುವಾರ ಬಸ್ಸು ಹತ್ತಿ ಬೇರೆ ಊರಿನ ಗುಂಪಿಗೆ ಹೋಗಿ. ಬೆಂಗಳೂರಿನಲ್ಲಿ ಎಎ ಮೀಟಿಂಗುಗಳು ಬಹಳ ಇವೆ. ಕನ್ನಡದ ಮೀಟಿಂಗು ಯಾವುದೆಂದು ಮೊದಲೇ ಕೇಳಿಕೊಳ್ಳಿ, ಒಳಗಿನ ನೋವು ಇಂಗ್ಲಿಷಿನಲ್ಲಿ ಸಲೀಸಾಗಿ ಬರುವುದಿಲ್ಲ. ಚರ್ಚಿನ ಕೊಠಡಿಯಲ್ಲಿ ನಡೆದರೆ ಧರ್ಮ ಪ್ರಚಾರವೆಂದು ಹೆದರಬೇಡಿ, ಜಾಗ ಮಾತ್ರ ಅವರದು. ದೇವರ ಮಾತು ಬರುತ್ತದೆ, ಆದರೆ ಯಾವ ದೇವರೆಂಬುದು ನಿಮಗೆ ಬಿಟ್ಟದ್ದು. ಒಂದು ಗುಂಪು ಒಗ್ಗದಿದ್ದರೆ ಇನ್ನೊಂದನ್ನು ನೋಡಿ. ಒಂದೇ ಸಲ ಹೋಗಿ ತೀರ್ಮಾನಕ್ಕೆ ಬರಬೇಡಿ.

ವಿಳಾಸಕ್ಕೆ ಮೊದಲು ನಿಮಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ, ಹತ್ತಿರದ ಗುಂಪಿನ ಸಂಪರ್ಕ ಅವರಲ್ಲಿ ಇರುತ್ತದೆ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲೂ ವಿಚಾರಿಸಬಹುದು. ಧರ್ಮಸ್ಥಳ ಯೋಜನೆಯ ಜನಜಾಗೃತಿ ವೇದಿಕೆ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತದೆ. ಶಿಬಿರ ಮುಗಿಸಿದವರನ್ನು ಒಟ್ಟಿಗೆ ಇಡುವ ನವಜೀವನ ಸಮಿತಿಗಳು ಹಳ್ಳಿಗಳಲ್ಲೂ ಇವೆ. ನಗರದ ಎಎ ದೂರವಾದವರಿಗೆ ಇದು ಒಳ್ಳೆಯ ದಾರಿ ಎಂದು ನನ್ನ ನಂಬಿಕೆ.

ಗುಂಪು ಔಷಧಿಗೆ ಬದಲಿಯಲ್ಲ. ಅಲ್ಲಿ ಯಾರೋ ಹೇಳಿದರೆಂದು ಮಾತ್ರೆ ನಿಲ್ಲಿಸಬೇಡಿ. ಅಕಸ್ಮಾತ್ ಮತ್ತೆ ದಿನವೂ ಕುಡಿಯುವಂತಾದರೆ ಒಮ್ಮೆಗೇ ನೀವಾಗಿ ಬಿಡಲು ಹೋಗಬೇಡಿ. ಕೈನಡುಕ, ಫಿಟ್ಸ್, ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣುವ ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಆಗ ನೇರ ಆಸ್ಪತ್ರೆಗೆ ಹೋಗಿ. ಇದನ್ನು ಓದುತ್ತಿರುವ ಹೆಂಡತಿಯರಿಗೂ ಒಂದು ಮಾತು. ಕುಡಿತ ಬಿಡಿಸುವ ಪುಡಿಯನ್ನು ಗಂಡನಿಗೆ ತಿಳಿಯದಂತೆ ಸಾರಿಗೋ ಕಾಫಿಗೋ ಬೆರೆಸಬೇಡಿ. ಅದು ಡೈಸಲ್ಫಿರಾಮ್ ಆಗಿದ್ದರೆ, ಮೇಲೆ ಕುಡಿದಾಗ ರಕ್ತದೊತ್ತಡ ಕುಸಿದು ಪ್ರಾಣ ಹೋದೀತು.

ನಿಮ್ಮ ಮನೆಯವರನ್ನೂ ಮರೆಯಬೇಡಿ. ಕುಡಿಯುವವರ ಮನೆಯವರಿಗಾಗಿ ಬಿಲ್ ಅವರ ಪತ್ನಿ ಲೋಯಿಸ್ 1951ರಲ್ಲಿ ಜೊತೆಗಾರ್ತಿಯೊಬ್ಬರೊಡನೆ ಅಲ್-ಅನಾನ್ ಶುರುಮಾಡಿದರು. ಅದು ನಮ್ಮಲ್ಲೂ ಇದೆ. ರಾತ್ರಿಗಳನ್ನು ಬಾಗಿಲ ಸದ್ದು ಕಾಯುತ್ತ ಕಳೆದ ಅವರಿಗೂ ಮಾತಾಡಿ ಹಗುರಾಗಲು ಒಂದು ಜಾಗ ಬೇಕು.

ಈ ಉತ್ತರ ಓದಿದ ದಿನವೇ ಒಂದು ಕರೆ ಮಾಡಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಟೆಲಿ ಮನಸ್ 14416. ಎರಡೂ ಉಚಿತ, ಟೆಲಿ ಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹತ್ತಿರದ ಗುಂಪು ಎಲ್ಲಿ, ಯಾವ ವಾರ, ಎಷ್ಟು ಗಂಟೆಗೆ ಎಂದು ಕೇಳಿ ಬರೆದುಕೊಳ್ಳಿ. ಮೊದಲ ಸಲ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಓಪನ್ ಮೀಟಿಂಗಿಗೇ ಹೋಗಿ.