ಗುರುತು ಹಾಕಿದ ವಸ್ತು

ನಿಮ್ಮ ಮನೆಯ ಹಿತ್ತಾಳೆ ಕೊಡವನ್ನೋ ಸ್ಟೀಲಿನ ತಂಬಿಗೆಯನ್ನೋ ತಿರುಗಿಸಿ ನೋಡಿರಿ. ಅಂಚಿನ ಕೆಳಗೆ ಸಣ್ಣ ಚುಕ್ಕೆಗಳಲ್ಲಿ ಒಂದು ಹೆಸರು ಕೊರೆದಿರಬಹುದು. ಮದುವೆಯಲ್ಲಿ ಬಂದ ಪಾತ್ರೆಯಾದರೆ ಕೊಟ್ಟವರ ಹೆಸರೂ ತಾರೀಖೂ ಇರುತ್ತವೆ. ಹತ್ತು ಮನೆಯ ಪಾತ್ರೆಗಳು ಒಂದೆಡೆ ಕೂಡಿದಾಗ ಯಾವುದು ಯಾರದೆಂದು ಈ ಹೆಸರೇ ಹೇಳುತ್ತದೆ. ಹಿಂದೆ ಅಗಸರು ಕೇರುಬೀಜದ ರಸದಿಂದ ಬಟ್ಟೆಯ ಮೂಲೆಯಲ್ಲಿ ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಅದು ಹೋಗುತ್ತಿರಲಿಲ್ಲ.

ಈಗ ವಿದ್ಯುನ್ಮಾನ ಗುರುತುಪಟ್ಟಿಗಳು ಬಂದಿವೆ. ಇವನ್ನು ‘ಟ್ಯಾಗ್’ ಎನ್ನುತ್ತಾರೆ. ಕೆಲವು ದೊಡ್ಡ ಗ್ರಂಥಾಲಯಗಳಲ್ಲಿ ಪುಸ್ತಕದೊಳಗೆ ತೆಳುವಾದ ಟ್ಯಾಗ್ ಅಂಟಿಸಿರುತ್ತಾರೆ. ಅದರಲ್ಲಿ ಸಾಸಿವೆ ಕಾಳಿನಂಥ ಪುಟ್ಟ ಚಿಪ್ ಮತ್ತು ಲೋಹದ ಸುರುಳಿ ಇರುತ್ತವೆ. ಬ್ಯಾಟರಿ ಇಲ್ಲ! ಬಾಗಿಲಲ್ಲಿ ನಿಲ್ಲಿಸಿದ ಯಂತ್ರ ರೇಡಿಯೋ ಅಲೆಗಳನ್ನು ಬಿಡುತ್ತದೆ. ಅಲೆಗಳು ಸುರುಳಿಗೆ ತಗುಲಿದಾಗ ಚಿಪ್ಪಿಗೆ ಬೇಕಾದಷ್ಟು ವಿದ್ಯುತ್ತು ಅಲ್ಲೇ ಹುಟ್ಟುತ್ತದೆ. ಚಿಪ್ ತನ್ನ ಗುರುತನ್ನು ಯಂತ್ರಕ್ಕೆ ತಿಳಿಸುತ್ತದೆ. ಲೆಕ್ಕಕ್ಕೆ ಬರೆಸದೆ ಪುಸ್ತಕ ಒಯ್ಯುತ್ತಿದ್ದರೆ ಗಂಟೆ ಬಾರಿಸುತ್ತದೆ.

ಹಾಗಾದರೆ ನಮ್ಮ ಸೈಕಲ್ಲಿಗೂ ಇಂಥ ಟ್ಯಾಗ್ ಅಂಟಿಸಿದರೆ ಕಳ್ಳತನ ನಿಂತೇ ಹೋಗುವುದೇ?

ಸೈಕಲ್ಲು ನಿಲ್ಲುವುದು ಸಂತೆಯ ಬಯಲಿನಲ್ಲಿ. ಅಲ್ಲಿ ಬಾಗಿಲೂ ಇಲ್ಲ, ಯಂತ್ರವೂ ಇಲ್ಲ. ಈ ಟ್ಯಾಗಿನ ಮಾತು ಕೆಲವು ಅಡಿಗಳ ಆಚೆ ಕೇಳಿಸದು. ಕಳ್ಳನು ಅದನ್ನು ಕಿತ್ತು ಎಸೆಯಲೂಬಹುದು.

ಬ್ಯಾಟರಿಯಿರುವ ಟ್ಯಾಗ್‌ಗಳೂ ಇವೆ. ಆಪಲ್ ಕಂಪನಿ 2021ರಲ್ಲಿ ನಾಣ್ಯದ ಆಕಾರದ ಒಂದು ಟ್ಯಾಗನ್ನು ಮಾರಾಟಕ್ಕೆ ತಂದಿತು. ಅದರ ಬಳಿ ಅದೇ ಕಂಪನಿಯ ಫೋನು ಹಾದುಹೋದರೆ ಟ್ಯಾಗ್ ಇರುವ ಜಾಗ ಒಡೆಯನಿಗೆ ತಿಳಿಯುತ್ತದೆ. ಹೊಲದ ನಡುವೆ ಅಂಥ ಫೋನು ಸುಳಿಯದಿದ್ದರೆ ಸುಳಿವೂ ಇಲ್ಲ. ಇನ್ನೊಂದು ತೊಡಕಿದೆ. ಬೇರೆಯವರ ಚೀಲದಲ್ಲಿ ಟ್ಯಾಗ್ ಅಡಗಿಸಿ ಅವರ ಬೆನ್ನು ಹತ್ತುವ ದುಷ್ಟರಿದ್ದಾರೆ. ಆದ್ದರಿಂದ ಪರರ ಟ್ಯಾಗ್ ಜೊತೆಗೆ ಬರುತ್ತಿದ್ದರೆ ಫೋನು ಎಚ್ಚರಿಸುವಂತೆ ಮಾಡಿದ್ದಾರೆ. ಆ ಎಚ್ಚರಿಕೆ ಕಳ್ಳನಿಗೂ ಸಿಗುತ್ತದಲ್ಲವೇ?

ಮೊಬೈಲ್ ಫೋನಿನ ಸಂಗತಿ ಬೇರೆ. ಫೋನಿಗೆ 15 ಅಂಕಿಗಳ ಐಎಂಇಐ ಸಂಖ್ಯೆ ಇರುತ್ತದೆ. ಕೊಡದ ಮೇಲಿನ ಹೆಸರನ್ನು ಕೊಳ್ಳುವ ಅಂಗಡಿಯವನು ಓದದೆ ಬಿಡಬಹುದು. ಫೋನಿನ ಸಂಖ್ಯೆಯನ್ನು ಮೊಬೈಲ್ ಜಾಲ ತಾನೇ ಓದಿಕೊಳ್ಳುತ್ತದೆ. ಕಳುವಾದ ಫೋನನ್ನು ತಡೆಹಿಡಿಯುವ ಏರ್ಪಾಡು 2023ರ ಮೇ ತಿಂಗಳಲ್ಲಿ ದೇಶಕ್ಕೆಲ್ಲ ಬಂದಿತು. ಪೊಲೀಸರಿಗೆ ದೂರು ಕೊಟ್ಟು, ಸರಕಾರದ ‘ಸಂಚಾರ ಸಾಥಿ’ಯಲ್ಲಿ ಆ ಸಂಖ್ಯೆಯನ್ನು ತಿಳಿಸಬೇಕು. ಆಮೇಲೆ ಯಾವ ಕಂಪನಿಯ ಸಿಮ್ ಹಾಕಿದರೂ ನಮ್ಮ ದೇಶದಲ್ಲಿ ಆ ಫೋನಿನಿಂದ ಕರೆ ಹೋಗದು. ಮಾತಾಡಲು ಬಾರದ ಫೋನಿಗೆ ಯಾರು ಹಣ ಕೊಟ್ಟಾರು? ಸಂಖ್ಯೆಯನ್ನೇ ತಿದ್ದುವ ಕಳ್ಳರೂ ಇದ್ದಾರೆ. ಹಾಗೆ ತಿದ್ದುವುದು ಅಪರಾಧ.

ಅಭ್ಯಾಸ

1. ಗ್ರಂಥಾಲಯದ ಟ್ಯಾಗಿಗೆ ವಿದ್ಯುತ್ತು ಎಲ್ಲಿಂದ ಬರುತ್ತದೆ?
2. ಸೈಕಲ್ಲಿಗೆ ಟ್ಯಾಗ್ ಮೇಲೋ, ಬೀಗ ಮೇಲೋ? ಕಾರಣ ಕೊಟ್ಟು ಬರೆಯಿರಿ.
3. ಮನೆಯ ಹಿರಿಯರ ಫೋನಿನಲ್ಲಿ *#06# ಒತ್ತಿ ನೋಡಿರಿ. ಕಾಣುವ ಸಂಖ್ಯೆಯನ್ನು ಬರೆದು ಅವರ ಕೈಗೇ ಕೊಡಿರಿ.