ಹೆಪ್ಪಿಗೂ ತಗಲುವ ಸೋಂಕು

ಪ್ರಶ್ನೆ: ಚೀಸ್ ಕಾರ್ಖಾನೆಗಳಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾಗಳಿಗೇ ವೈರಸ್ ತಗಲಿ, ಹಾಲು ಹುಳಿಯೇರದೆ ಹೋಗುತ್ತದೆ ಎಂದು ಓದಿದೆ. ಪಾಶ್ಚರೀಕರಿಸಿದ ಹಾಲಿನಲ್ಲೂ ಹೀಗಾಗುವುದೇಕೆ? ತಡೆಯುವುದು ಹೇಗೆ? ಮನೆಯ ಮೊಸರಿಗೆ ಈ ಕಾಟ ಅಷ್ಟಾಗಿ ಏಕಿಲ್ಲ?

ಉತ್ತರ: ನೀವು ಓದಿದ್ದು ನಿಜ. ಈ ವೈರಸ್‌ಗಳಿಗೆ ಬ್ಯಾಕ್ಟೀರಿಯೊಫೇಜ್, ಚಿಕ್ಕದಾಗಿ ಫೇಜ್ ಎಂದು ಹೆಸರು. ನ್ಯೂಜಿಲೆಂಡಿನ ಚೀಸ್ ತಯಾರಿಕೆಯಲ್ಲಿ ಹೆಪ್ಪು ಕೈಕೊಡುವುದಕ್ಕೆ ಇವು ಕಾರಣವೆಂದು ವೈಟ್‌ಹೆಡ್ ಮತ್ತು ಕಾಕ್ಸ್ 1935ರಲ್ಲೇ ತೋರಿಸಿದರು. ಇವು ನಮಗೆ ಸೋಂಕುವುದಿಲ್ಲ. ನಷ್ಟವೆಲ್ಲ ಹಾಲಿನದು, ಅದನ್ನು ಕರೆದು ತಂದವರ ದುಡಿಮೆಯದು.

ಫೇಜ್‌ಗಳು ಹಸಿ ಹಾಲಿನಲ್ಲೇ ಬರುತ್ತವೆ. ಪಾಶ್ಚರೀಕರಣದಲ್ಲಿ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸಿದರೆ ರೋಗಾಣುಗಳು ಸಾಯುತ್ತವೆ, ಹಲವು ಫೇಜ್‌ಗಳು ಉಳಿದುಕೊಳ್ಳುತ್ತವೆ. ಹೆಪ್ಪಿನ ಒಂದು ಬ್ಯಾಕ್ಟೀರಿಯಾ ಎರಡಾಗುವ ಹೊತ್ತಿಗೆ, ಸೋಂಕು ತಗಲಿದ ಇನ್ನೊಂದು ಒಡೆದು ಹತ್ತಾರು ಹೊಸ ಫೇಜ್‌ಗಳನ್ನು ಹೊರಬಿಟ್ಟಿರುತ್ತದೆ. ಈ ಓಟದಲ್ಲಿ ಹೆಪ್ಪು ಗೆಲ್ಲುವುದು ಕಷ್ಟ.

ಫೇಜ್‌ಗಳ ದೊಡ್ಡ ಉಗ್ರಾಣವೆಂದರೆ ಹಾಲು ಗಟ್ಟಿಯಾದ ಮೇಲೆ ಬಸಿದು ಬರುವ ಹಾಲೊಡಕಿನ ನೀರು. ಅದರ ಒಂದು ಹನಿ ಸಿಡಿದರೂ, ಸಣ್ಣ ತುಂತುರು ಗಾಳಿಯಲ್ಲಿ ತೇಲಿದರೂ ಮುಂದಿನ ತೊಟ್ಟಿಗೆ ಸೋಂಕು ದಾಟಬಲ್ಲದು. ಆದ್ದರಿಂದ ಹೆಪ್ಪು ಬೆಳೆಸುವ ಕೋಣೆಯನ್ನು ಬೇರೆಯೇ ಇಟ್ಟು, ಸೋಸಿದ ಗಾಳಿಯನ್ನು ಒತ್ತಡದಲ್ಲಿ ಒಳಗೆ ತುಂಬುತ್ತಾರೆ. ಬಾಗಿಲು ತೆರೆದರೂ ಹೊರಗಿನ ಗಾಳಿ ಒಳಬರುವುದಿಲ್ಲ. ತೊಟ್ಟಿ, ಕೊಳವೆಗಳನ್ನು ಮೊದಲು ಚೆನ್ನಾಗಿ ತೊಳೆದು, ಆಮೇಲೆ ಕ್ಲೋರಿನ್ ಅಥವಾ ಪೆರಾಸಿಟಿಕ್ ಆಮ್ಲ ಹಾಯಿಸುತ್ತಾರೆ. ಹಾಲಿನ ಜಿಡ್ಡು ಉಳಿದರೆ ಕ್ಲೋರಿನ್ ಅದರಲ್ಲೇ ಖರ್ಚಾಗಿಹೋಗುತ್ತದೆ. ಬ್ಯಾಕ್ಟೀರಿಯಾಕ್ಕೆ ಅಂಟಿಕೊಳ್ಳಲು ಅನೇಕ ಫೇಜ್‌ಗಳಿಗೆ ಕ್ಯಾಲ್ಸಿಯಂ ಬೇಕು. ಅದಕ್ಕಾಗಿ ಹೆಪ್ಪು ಬೆಳೆಸುವ ದ್ರವಕ್ಕೆ ಫಾಸ್ಫೇಟ್ ಸೇರಿಸಿ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದೂ ಉಂಟು.

ಇಷ್ಟಾದರೂ ಫೇಜ್ ಪೂರ್ತಿ ಹೋಗುವುದಿಲ್ಲ. ಒಂದು ಫೇಜ್ ಕೆಲವೇ ತಳಿಗಳನ್ನು ಹಿಡಿಯಬಲ್ಲದು. ದಿನವೂ ಅದೇ ತಳಿ ಹಾಕಿದರೆ ಫೇಜ್‌ಗೆ ಅನ್ನವಿಟ್ಟಂತೆ. ಹಾಗಾಗಿ ಹೆಪ್ಪಿನ ತಳಿಗಳನ್ನು ಸರದಿಯಲ್ಲಿ ಬದಲಿಸುತ್ತಾರೆ, ಫೇಜ್‌ಗೆ ಬಗ್ಗದ ತಳಿಗಳನ್ನು ಆರಿಸುತ್ತಾರೆ. ಬ್ಯಾಕ್ಟೀರಿಯಾ ತನ್ನ ಮೇಲೆ ಬಿದ್ದ ಫೇಜ್‌ನ ಡಿಎನ್ಎ ತುಣುಕನ್ನು ನೆನಪಿಟ್ಟುಕೊಂಡು ಮುಂದಿನ ಬಾರಿ ಅದನ್ನು ತಡೆಯುತ್ತದೆ ಎಂಬುದು 2007ರಲ್ಲಿ ಪ್ರಯೋಗದಿಂದ ಸಿದ್ಧವಾದದ್ದು ಮೊಸರಿನ ಬ್ಯಾಕ್ಟೀರಿಯಾದಲ್ಲೇ. ಇಂದು ಮನೆಮಾತಾಗಿರುವ ಕ್ರಿಸ್ಪರ್ ವ್ಯವಸ್ಥೆ ಅದೇ.

ಮನೆಯಲ್ಲಿ ನಾವು ಹಾಲನ್ನು ಉಕ್ಕುವವರೆಗೆ ಕಾಯಿಸುತ್ತೇವೆ. ಅಷ್ಟು ಬಿಸಿಗೆ ಹೆಚ್ಚಿನ ಫೇಜ್‌ಗಳು ನಿಲ್ಲವು. ಮನೆಯ ಹೆಪ್ಪಿನಲ್ಲಿ ಹಲವು ತಳಿಗಳು ಬೆರೆತಿರುತ್ತವೆ. ಒಂದು ಸೋತರೆ ಇನ್ನೊಂದು ಹುಳಿಯೇರಿಸುತ್ತದೆ. ಅದೂ ಕೈಕೊಟ್ಟ ದಿನ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರುತ್ತೇವಲ್ಲ? ಕಾರ್ಖಾನೆಯವರು ಸರದಿಯಲ್ಲಿ ತಳಿ ಬದಲಿಸುವಾಗ ಮಾಡುವುದೂ ಅದೇ ಕೆಲಸವನ್ನು.